ಗಂಡ ಬೇರೆ, ಗೊಂಡ ಬೇರೆ

ಹುಲಿಕೆರೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದಾಗ ಗೆಳೆಯನೊಬ್ಬ ಮೊಬೈಲಲ್ಲಿ ಹೊಯ್ಸಳರ ಚಿನ್ನದ ನಾಣ್ಯದ ಫೋಟೋ ತೋರಿಸಿದ. ಅದರ ಮೇಲಿನ ಬರಹ ‘ಶ್ರೀ ಮಲೆಪರೊಳ್ಗಂಡ’. “ಯಾರ ಗಂಡ ಮಗಾ ಇವನು?” ಅಂದ. ಎಲ್ರೂ ನಕ್ಕೆವು, ಉತ್ತರ ಮಾತ್ರ ಯಾರ ಹತ್ರಾನೂ ಇರಲಿಲ್ಲ. ರೂಮಿಗೆ ಬಂದು ಹುಡುಕಿದ್ದನ್ನ ಇಲ್ಲಿ ಬರೀತಿದ್ದೀನಿ.

ಪದ ಬಿಡಿಸೋಣ. ‘ಮಲೆಪ’ ಅಂದ್ರೆ ಬೆಟ್ಟಸೀಮೆಯ ನಾಯಕ. ‘ಒಳ್’ ಹಳಗನ್ನಡದ ಸಪ್ತಮಿ ವಿಭಕ್ತಿ, ಈಗಿನ ‘ಅಲ್ಲಿ’. ‘ಗಂಡ’ ಅಂದ್ರೆ ಶೂರ. ಅಲ್ಲಿಗೆ, ಮಲೆನಾಯಕರಲ್ಲೇ ಶೂರ. ಹೊಯ್ಸಳರು ಹುಟ್ಟಿ ಬೆಳೆದದ್ದೇ ಮಲೆಯಲ್ಲಿ: ಸೊಸೆವೂರು, ಅಂದ್ರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಸುತ್ತಲಿನ ಮಲೆಪರನ್ನ ಬಗ್ಗಿಸಿದ ನೆನಪು ಆ ಬಿರುದು. ಮುಂದೆ ದೋರಸಮುದ್ರದಲ್ಲಿ ಕೂತು ದೊಡ್ಡ ರಾಜ್ಯ ಆಳಿದರೂ ಅದನ್ನ ಬಿಡಲಿಲ್ಲ. ಶಾಸನಗಳ ಕೊನೆಗೆ ರಾಜನ ರುಜುವಾಗಿಯೂ ಅದೇ ಬರುತ್ತೆ. ಕಂಪನಿ ಎಷ್ಟು ಬೆಳೆದರೂ ಶೆಡ್ಡಿನಲ್ಲಿ ಬರೆದ ಮೊದಲ ಲೋಗೋ ಉಳಿಸಿಕೊಂಡ ಹಾಗೆ.

ನಮ್ಮ ಬಾಯಲ್ಲಿ ‘ಗಂಡ’ ಬರೀ ಮದುವೆಯಾದವನಾಗಿ ಉಳಿದಿದ್ದಾನೆ. ಹಳೇ ಅರ್ಥ ಗಂಡುಗಲಿ, ಗಂಡೆದೆ, ಗಂಡಪೆಂಡೇರದಂಥ ಪದಗಳಲ್ಲಿ ಇನ್ನೂ ಇದೆ.

ಹೀಗೆ ಅರ್ಥ ಜಾರಿದ್ದು ನಮ್ಮಲ್ಲಷ್ಟೇ ಅಲ್ಲ. ಡ್ರಾಕುಲಾ ಗೊತ್ತಲ್ಲ? ಈಗಿನ ರೊಮೇನಿಯಾದ ಭಾಗವಾದ ವಲಾಕಿಯಾವನ್ನ 15ನೇ ಶತಮಾನದಲ್ಲಿ ಆಳಿದ ನಿಜವಾದ ರಾಜ, ಮೂರನೇ ವ್ಲಾಡ್. ಅವನಪ್ಪ 1431ರಲ್ಲಿ ‘ಡ್ರ್ಯಾಗನ್’ ಅನ್ನೋ ವೀರರ ಸಂಘಕ್ಕೆ ಸೇರಿ ‘ಡ್ರಾಕುಲ್’ ಅನ್ನಿಸಿಕೊಂಡ. ಡ್ರಾಕುಲಾ ಅಂದ್ರೆ ಡ್ರಾಕುಲನ ಮಗ, ಅಷ್ಟೇ. ಆದ್ರೆ ಈಗಿನ ರೊಮೇನಿಯನ್ ಭಾಷೆಯಲ್ಲಿ ‘ಡ್ರಾಕ್’ ಅಂದ್ರೆ ದೆವ್ವ. 1897ರಲ್ಲಿ ಬ್ರಾಮ್ ಸ್ಟೋಕರ್ ಆ ಹೆಸರನ್ನ ರಕ್ತ ಕುಡಿಯೋ ಪಾತ್ರಕ್ಕೆ ಇಟ್ಟ. ನಮ್ಮ ಹೊಯ್ಸಳರು ಪುಣ್ಯವಂತರು, ಬರೀ ನಗೆಗೆ ಸಿಕ್ಕಿದ್ದಾರೆ.

ಇನ್ನು ‘ಗೊಂಡ’. ವಿಷ್ಣುವರ್ಧನನ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’ ಅಂತಲೂ ಇದೆ. ಸೊನ್ನೆ, ಡಕಾರ ನೋಡಿ ಎರಡೂ ಒಂದೇ ಅಂದುಕೊಂಡ್ರೆ ಕೆಟ್ಟಿರಿ. ಇದು ‘ಕೊಳ್’ ಧಾತುವಿನ ‘ಕೊಂಡ’. ಮಳೆ ಸೇರಿದಾಗ ಕಾಲ ‘ಗಾಲ’ ಆಗುತ್ತಲ್ಲ, ಅದೇ ಆದೇಶ ಸಂಧಿ. ತಳಕಾಡನ್ನ ಗೆದ್ದುಕೊಂಡವನು. 1116ರ ಹೊತ್ತಿಗೆ ದಂಡನಾಯಕ ಗಂಗರಾಜ ಚೋಳರ ಸಾಮಂತ ಅದಿಯಮನನ್ನ ಸೋಲಿಸಿ ತಳಕಾಡು ಹಿಡಿದ. ನಾಣ್ಯದ ಮೇಲೆ ಹೆಸರು ಬಂದದ್ದು ಮಾತ್ರ ರಾಜನದು! ಮಲೆಪರೊಳ್ಗಂಡ ಮನೆತನದ ಬಿರುದು, ತಳಕಾಡುಗೊಂಡ ಒಂದು ಯುದ್ಧದ ವರದಿ.

ಗೆಳೆಯನಿಗೆ ಇಷ್ಟೂ ಹೇಳಿದೆ. ತಲೆ ಆಡಿಸಿದವನೇ, “ಸರಿ, ವಿಜಯನಗರದವರ ‘ಮೂರುರಾಯರ ಗಂಡ’?” ಅಂದ. ಇಲ್ಲಿ ‘ಒಳ್’ ಇಲ್ಲ, ‘ರಾಯರ’ ಅನ್ನೋದು ಷಷ್ಠಿ. ರಾಯರಲ್ಲಿ ಒಬ್ಬ ಶೂರ ಅಲ್ಲ, ಮೂವರು ರಾಯರನ್ನೂ ಮೆಟ್ಟಿ ನಿಂತ ಶೂರ.