ಮಗನ ಲಿವರ್‌ನಲ್ಲಿ ತಾಮ್ರ: ಮಗಳಿಗೂ ಪರೀಕ್ಷೆ ಬೇಕೆ?

ಪ್ರಶ್ನೆ: 13 ವರ್ಷದ ಮಗನಿಗೆ ಕಾಮಾಲೆ ಬಂತು. ನಾಟಿ ಔಷಧಿಗೆ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ವಿಲ್ಸನ್ ಕಾಯಿಲೆ, ಲಿವರ್‌ನಲ್ಲಿ ತಾಮ್ರ ತುಂಬಿದೆ ಎಂದರು. ದಿನಾ ಬೆಳಿಗ್ಗೆ ತಾಮ್ರದ ಚೊಂಬಿನ ನೀರು ಕುಡಿಸಿದವಳು ನಾನೇ. ನನ್ನದು ಸೋದರಮಾವನ ಜೊತೆ ಆದ ಮದುವೆ. ಈಗ ಮಗ ಗುಣವಾಗಿದ್ದಾನೆ, ಪೆನಿಸಿಲಮಿನ್ ಇನ್ನೆಷ್ಟು ದಿನ ಕೊಡಬೇಕು? 9 ವರ್ಷದ ಮಗಳು ಆರೋಗ್ಯವಾಗಿದ್ದಾಳೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಪ್ಪು ಚೊಂಬಿನದೂ ಅಲ್ಲ, ನಿಮ್ಮದೂ ಅಲ್ಲ ತಾಯಿ. ಊಟದಿಂದ ಬರುವ ತಾಮ್ರದಲ್ಲಿ ಹೆಚ್ಚಾದದ್ದನ್ನು ಲಿವರ್ ಪಿತ್ತರಸದ ಮೂಲಕ ಹೊರಹಾಕುತ್ತದೆ. ಅದಕ್ಕೆ ಬೇಕಾದ ಎಟಿಪಿ7ಬಿ ಎಂಬ ಜೀನ್ ನಿಮ್ಮ ಮಗನಿಗೆ ತಂದೆ, ತಾಯಿ ಇಬ್ಬರ ಕಡೆಯಿಂದಲೂ ದೋಷ ಹೊತ್ತೇ ಬಂದಿದೆ. ನಿಮ್ಮಿಬ್ಬರಲ್ಲಿ ಒಂದೊಂದು ಪ್ರತಿ ಸರಿಯಿರುವುದರಿಂದ ನಿಮಗೇನೂ ಆಗಿಲ್ಲ. ಹತ್ತಿರದ ಸಂಬಂಧದಲ್ಲಿ ಹೀಗೆ ಒಂದೇ ದೋಷ ಎದುರಾಗುವುದು ಹೆಚ್ಚು. ಒಣತೂಕದ ಲೆಕ್ಕದಲ್ಲಿ ಲಿವರ್‌ನ ಪ್ರತಿ ಗ್ರಾಂಗೆ ಸಾಮಾನ್ಯವಾಗಿ 50 ಮೈಕ್ರೊಗ್ರಾಂ ಒಳಗಿರುವ ತಾಮ್ರ, ಈ ಕಾಯಿಲೆಯಲ್ಲಿ 250 ದಾಟುವುದುಂಟು. ಅಲ್ಲಿ ಹಿಡಿಸದ್ದು ರಕ್ತದಲ್ಲಿ ಸೇರಿ ಮಿದುಳಿಗೂ ಕಣ್ಣಿಗೂ ಹೋಗುತ್ತದೆ.

ನನಗೆ ಚಿಂತೆಯಿರುವುದು ಮಗಳದು. ಅವಳಿಗೂ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಡಿಕೊಂಡಿದ್ದಾಳೆ ಎಂದು ಸುಮ್ಮನಿರಬೇಡಿ, ಈ ತಿಂಗಳೇ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಸೆರುಲೊಪ್ಲಾಸ್ಮಿನ್ ಮತ್ತು ಲಿವರ್ ಪರೀಕ್ಷೆ, ಕಣ್ಣಿನ ತಪಾಸಣೆ, 24 ಗಂಟೆಯ ಮೂತ್ರದಲ್ಲಿ ತಾಮ್ರ. ಈ ಕೊನೆಯದನ್ನು ಶಾಲೆಗೆ ರಜೆ ಇರುವ ದಿನ ಮಾಡಿ: ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಬಿಟ್ಟು, ಅಲ್ಲಿಂದ ಮರುದಿನ ಎದ್ದಾಗಿನ ಮೂತ್ರದವರೆಗೆ ಎಲ್ಲವನ್ನೂ ಲ್ಯಾಬ್‌ನವರು ಕೊಟ್ಟ ಕ್ಯಾನಿನಲ್ಲೇ ಹಿಡಿಯಬೇಕು. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ಮಗನ ಜೀನ್ ದೋಷ ಪತ್ತೆಯಾಗಿದ್ದರೆ ಅವಳಲ್ಲಿ ಅದನ್ನೇ ಹುಡುಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ನೋಡಿ ಪಳಗಿದವರಿದ್ದಾರೆ. ಲಕ್ಷಣ ಕಾಣುವ ಮೊದಲೇ ಔಷಧಿ ಶುರುವಾದ ಮಕ್ಕಳು ಎಲ್ಲರಂತೆ ಬೆಳೆಯುತ್ತಾರೆ.

ಚಿಕಿತ್ಸೆ ಜೀವನಪೂರ್ತಿ. ಗುಣವಾಯಿತೆಂದು ಮಾತ್ರೆ ಬಿಟ್ಟವರಲ್ಲಿ ಕೆಲವೇ ತಿಂಗಳಿಗೆ ಲಿವರ್ ಕೈಕೊಟ್ಟು ಪ್ರಾಣಕ್ಕೇ ಬಂದದ್ದಿದೆ. ಪೆನಿಸಿಲಮಿನ್ ಊಟದ ಜೊತೆ ಬೇಡ, ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಕೊಡಿ. ಕಾರಣ ಚೊಂಬಲ್ಲದಿದ್ದರೂ ಇನ್ನು ಅವನಿಗೆ ಸ್ಟೀಲ್ ಪಾತ್ರೆಯ ನೀರೇ ಇರಲಿ.

ಪ್ರಶ್ನೆ: ನನ್ನ ಫೆರಿಟಿನ್ 600 ಇದೆ. ವಂಶದಿಂದ ಬರುವ ಕಬ್ಬಿಣದ ಕಾಯಿಲೆಯೆ? ರಕ್ತ ತೆಗೆಸಲೆ?
– ಓದುಗರು, ಹಾಸನ

ಉತ್ತರ: ಈಗಲೇ ತೆಗೆಸಬೇಡಿ. ಆ ಕಾಯಿಲೆ, ಹೀಮೊಕ್ರೊಮ್ಯಾಟೋಸಿಸ್, ಉತ್ತರ ಯುರೋಪಿನವರಲ್ಲಿ ಸಾಮಾನ್ಯ. ಅಲ್ಲಿ ಅದಕ್ಕೆ ಮುಖ್ಯ ಕಾರಣವಾದ ಜೀನ್ ದೋಷ ನಮ್ಮಲ್ಲಿ ಬಹಳ ಅಪರೂಪ. ಇಲ್ಲಿ ಫೆರಿಟಿನ್ ಏರಿಸುವುದು ಹೆಚ್ಚಾಗಿ ಕೊಬ್ಬು ತುಂಬಿದ ಲಿವರ್, ಮದ್ಯ, ಸೋಂಕು. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆ ಮಾಡಿಸಿ. ಅದು ಶೇ 45 ದಾಟಿದರೆ ಲಿವರ್ ತಜ್ಞರನ್ನು ಕಾಣಿ.