ಮಲಗುವ ಮುನ್ನ ಹದಿನೈದು ನಿಮಿಷ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬಳು ಸಂಜೆ ಮನೆಗೆ ಬರುತ್ತಿದ್ದಾಳೆ ಎಂದು ಇಟ್ಟುಕೊಳ್ಳೋಣ. ಆ ದಿನ ಹೇಳಿದಷ್ಟು ಪೀಸ್ ಮುಗಿದಿಲ್ಲ. ಎಲ್ಲರೆದುರು ಸೂಪರ್‌ವೈಸರ್ ಬೈದಿದ್ದಾನೆ. ಆಕೆ ಎದುರಾಡಲಿಲ್ಲ, ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು. ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ಮನೆಗೆ ಬಂದರೆ, ಆರನೆಯ ತರಗತಿಯ ಮಗ ನೀರು ಹಿಡಿದಿಟ್ಟಿಲ್ಲ. “ಮರೆತೋಯ್ತಮ್ಮಾ” ಎನ್ನುವಷ್ಟರಲ್ಲಿ ಅವನ ಬೆನ್ನಿಗೆ ಏಟು ಬಿದ್ದಿತು.

ಆ ಏಟು ಬಿದ್ದದ್ದು ನೀರಿಗಾಗಿ ಅಲ್ಲ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ರಾತ್ರಿ ಮಗ ಬಿಕ್ಕುತ್ತಾ ನಿದ್ದೆಹೋದ ಮೇಲೆ ತಾಯಿಗೆ ನಿದ್ದೆ ಬರುವುದಿಲ್ಲ. ‘ನಾನು ಒಳ್ಳೆಯ ಕೆಲಸಗಾರ್ತಿಯೂ ಅಲ್ಲ, ಒಳ್ಳೆಯ ತಾಯಿಯೂ ಅಲ್ಲ. ನಾಳೆಯಿಂದ ಕೆಲಸಕ್ಕೇ ಹೋಗುವುದಿಲ್ಲ’ ಎಂದು ಮನಸ್ಸು ಕುದಿಯುತ್ತದೆ.

ಪ್ರಿಯ ಓದುಗರೇ, ಈ ತಾಯಿಗೆ “ಒಳ್ಳೆಯದನ್ನೇ ಯೋಚಿಸು, ಎಲ್ಲವೂ ಸರಿಹೋಗುತ್ತದೆ” ಎಂದು ಹೇಳಿದರೆ ಸಾಕೇ? ಗಾಯವನ್ನು ತೊಳೆಯದೆ ಮೇಲೆ ಬಟ್ಟೆ ಕಟ್ಟಿದಂತಾಗುತ್ತದೆ. ಒಳ್ಳೆಯ ಮನೋಭಾವವೆಂದರೆ ಬಲವಂತದ ನಗುವಲ್ಲ. ನಮ್ಮೊಳಗೆ ಏನು ನಡೆಯುತ್ತಿದೆ ಎಂದು ದೇವರ ಮುಂದೆ ಕುಳಿತು ಪ್ರಾಮಾಣಿಕವಾಗಿ ನೋಡುವುದರಿಂದ ಅದು ಹುಟ್ಟುತ್ತದೆ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಲೆಕ್ಕ ನೋಡದೆ ಬಾಗಿಲು ಹಾಕುವುದಿಲ್ಲ. ನಾವೂ ಗ್ಯಾಸ್ ಆರಿಸಿದ್ದೇವೆಯೇ, ಚಿಲಕ ಹಾಕಿದ್ದೇವೆಯೇ ಎಂದು ನೋಡಿಯೇ ಮಲಗುತ್ತೇವೆ. ಮನಸ್ಸಿನ ಲೆಕ್ಕವನ್ನು ಮಾತ್ರ ನೋಡುವುದಿಲ್ಲ. ಆ ಲೆಕ್ಕ ನೋಡುವುದನ್ನು ಧರ್ಮಸಭೆಗೆ ಚೆನ್ನಾಗಿ ಕಲಿಸಿಕೊಟ್ಟವರಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ಪ್ರಮುಖರು.

ಹಾಸಿಗೆಯಲ್ಲಿ ಕಲಿತ ಪಾಠ

ಇಗ್ನೇಷಿಯಸ್ ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಬಾಸ್ಕ್ ಪ್ರಾಂತದಲ್ಲಿ. ಕೀರ್ತಿ, ಕತ್ತಿವರಸೆ, ರಾಜಾಸ್ಥಾನ ಇವೇ ಅವರ ಕನಸುಗಳಾಗಿದ್ದವು. 1521ರ ಮೇ ತಿಂಗಳಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಒಂದು ಕಾಲು ಮುರಿಯಿತು, ಇನ್ನೊಂದಕ್ಕೂ ಪೆಟ್ಟಾಯಿತು. ಕೂಡಿಕೊಂಡ ಮೂಳೆ ಮೊಣಕಾಲಿನ ಕೆಳಗೆ ಉಬ್ಬಿ ನಿಂತಾಗ, ನೋಡಲು ಚೆನ್ನಾಗಿರುವುದಿಲ್ಲವೆಂದು ಅದನ್ನು ಕೊಯ್ಯಿಸಿಕೊಂಡರು. ಆ ಕಾಲದಲ್ಲಿ ಅರಿವಳಿಕೆಯ ಮದ್ದು ಇರಲಿಲ್ಲ. ಅವರ ಪ್ರತಿಷ್ಠೆ ಎಷ್ಟು ದೊಡ್ಡದಾಗಿತ್ತೆಂದು ಇದರಿಂದಲೇ ತಿಳಿಯುತ್ತದೆ.

ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ವೀರರ ಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಜೀವನಚರಿತ್ರೆ ಹಾಗೂ ಸಂತರ ಕಥೆಗಳ ಪುಸ್ತಕ ಮಾತ್ರ. ಓದು ನಿಲ್ಲಿಸಿದಾಗ ಮನಸ್ಸು ಎರಡು ಕಡೆ ಓಡುತ್ತಿತ್ತು. ಒಮ್ಮೆ, ತಾನು ಮೆಚ್ಚಿದ ಕುಲೀನ ಸ್ತ್ರೀಯ ಮುಂದೆ ಸಾಹಸ ತೋರಿಸುವ ಕನಸು. ಇನ್ನೊಮ್ಮೆ, ಸಂತ ಫ್ರಾನ್ಸಿಸರಂತೆ, ಸಂತ ದೋಮಿನಿಕರಂತೆ ಬಾಳಬೇಕೆಂಬ ಆಸೆ. ಎರಡೂ ಆ ಹೊತ್ತಿಗೆ ಹಿತವಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು.

ಈ ಸಣ್ಣ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಬಾಳಿನ ತಿರುವು. ಯೋಚನೆ ಬಂದಾಗ ಹೇಗಿತ್ತು ಎನ್ನುವುದಕ್ಕಿಂತ, ಹೋದ ಮೇಲೆ ನಮ್ಮನ್ನು ಎಲ್ಲಿ ಬಿಟ್ಟು ಹೋಯಿತು ಎಂಬುದೇ ಮುಖ್ಯವೆಂದು ಅವರು ಅರಿತರು. ದೇವರಲ್ಲಿ ಭರವಸೆಯನ್ನೂ ನೆರೆಯವರಲ್ಲಿ ಪ್ರೀತಿಯನ್ನೂ ಹೆಚ್ಚಿಸುವ ಸ್ಥಿತಿಯನ್ನು ಸಾಂತ್ವನವೆಂದರು. ಪಾಪಕ್ಕಾಗಿ ಸುರಿಸುವ ಪಶ್ಚಾತ್ತಾಪದ ಕಣ್ಣೀರೂ ಸಾಂತ್ವನವೇ. ಭರವಸೆ ಬತ್ತಿ, ಪ್ರೀತಿ ತಣ್ಣಗಾಗಿ, ಕತ್ತಲು ಕವಿದಂತಿರುವ ಸ್ಥಿತಿಯೇ ಆತ್ಮದ ಬರಡುತನ. ಈ ಅನುಭವದಿಂದ ಬೆಳೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕಕ್ಕೆ ಜಗದ್ಗುರು ಮೂರನೆಯ ಪೌಲರು 1548ರಲ್ಲಿ ಒಪ್ಪಿಗೆಯಿತ್ತರು. ದಿನನಿತ್ಯದ ಆತ್ಮಶೋಧನೆಯ ಕ್ರಮ ಅದರಲ್ಲಿದೆ. 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸರು, ತಾವೂ ಯೇಸುಸಭೆಯವರು, 2022ರಲ್ಲಿ ತಮ್ಮ ಬುಧವಾರದ ಉಪದೇಶಗಳಲ್ಲಿ ಇದೇ ವಿಷಯವನ್ನು ವಿಶ್ವಾಸಿಗಳಿಗೆಲ್ಲ ವಿವರಿಸಿದ್ದರು.

ಐದು ಮೆಟ್ಟಿಲುಗಳು

ಈ ಆತ್ಮಶೋಧನೆಗೆ ಹದಿನೈದು ನಿಮಿಷ ಸಾಕು. ನಮ್ಮ ತಾಯಿಯನ್ನೇ ಜೊತೆಗಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಏರೋಣ.

1. ಕೃತಜ್ಞತೆ: ಇಗ್ನೇಷಿಯಸರು ಪಾಪದಿಂದ ಆರಂಭಿಸುವುದಿಲ್ಲ, ವಂದನೆಯಿಂದ ಆರಂಭಿಸುತ್ತಾರೆ. ಪಕ್ಕದ ಮೆಷಿನ್‌ನ ಗೆಳತಿ ತನ್ನ ಚಿತ್ರಾನ್ನದಲ್ಲಿ ಪಾಲು ಕೊಟ್ಟಳು. ಮಗ ಯಾರೂ ಹೇಳದೆ ಶಾಲೆಯ ಮನೆಪಾಠ ಮುಗಿಸಿದ್ದ. ಬೈಗುಳವೊಂದೇ ತುಂಬಿದ್ದ ದಿನದಲ್ಲಿ ಇವೂ ಇದ್ದವು. ಇದು ಸಮಾಧಾನಕ್ಕಾಗಿ ಹೇಳಿಕೊಳ್ಳುವ ಸುಳ್ಳಲ್ಲ, ಮರೆತುಹೋಗಿದ್ದ ನಿಜ.

2. ಬೆಳಕಿಗಾಗಿ ಬೇಡಿಕೆ: ನಮ್ಮ ಕಣ್ಣಿಗೆ ನಮ್ಮ ಬೆನ್ನು ಕಾಣದು. ಆದ್ದರಿಂದ ಪವಿತ್ರಾತ್ಮರ ಸಹಾಯ ಬೇಕು. ಈ ಬೇಡಿಕೆಯಿಲ್ಲದಿದ್ದರೆ ಆತ್ಮಶೋಧನೆ ತನ್ನನ್ನು ತಾನೇ ಹೊಗಳಿಕೊಳ್ಳುವುದಾಗಬಹುದು, ಇಲ್ಲವೇ ಹಳಿದುಕೊಳ್ಳುವುದಾಗಬಹುದು. ದೇವಾಲಯದಲ್ಲಿ ನಿಂತ ಫರಿಸಾಯನೂ ತನ್ನ ಲೆಕ್ಕವನ್ನು ಒಪ್ಪಿಸಿದ್ದನಲ್ಲವೇ?

3. ದಿನದ ಅವಲೋಕನ: ಬೆಳಗಿನಿಂದ ರಾತ್ರಿಯವರೆಗೆ ಗಂಟೆ ಗಂಟೆಯಾಗಿ ನೋಡುತ್ತಾ ಬನ್ನಿ. ಮಾಡಿದ್ದನ್ನಷ್ಟೇ ಅಲ್ಲ, ಒಳಗೆ ಎದ್ದದ್ದನ್ನೂ ನೋಡಿ. ಬೈಸಿಕೊಂಡಾಗ ತಾಯಿಗೆ ಬಂದದ್ದು ಕೋಪವಲ್ಲ, ಅವಮಾನ. ಬಸ್ಸಿನಲ್ಲಿ ಅವಮಾನ ಕೋಪವಾಯಿತು. ಮನೆಯಲ್ಲಿ ಕೋಪಕ್ಕೆ ಕೈ ಬಂತು. ಸರಪಳಿಯ ಕೊಂಡಿಗಳು ಒಂದೊಂದಾಗಿ ಕಂಡರೆ, ಎಲ್ಲಿ ಕಳಚಬಹುದೆಂಬುದೂ ಕಾಣುತ್ತದೆ.

4. ಕ್ಷಮೆ: ದೇವರಲ್ಲಿ ಕ್ಷಮೆ ಬೇಡಿ. ನೋವುಂಡವರಲ್ಲೂ ಬೇಡಿ. ಬೆಳಿಗ್ಗೆ ಮಗನ ಪಕ್ಕ ಕುಳಿತು, “ತಪ್ಪು ನಂದು ಕಂದಾ, ಇನ್ನೊಬ್ಬರ ಮೇಲಿನ ಕೋಪ ನಿನ್ನ ಮೇಲೆ ತೀರಿಸ್ಕೊಂಡೆ” ಎಂದರೆ ತಾಯಿಯ ಗೌರವ ಕಡಿಮೆಯಾಗುವುದಿಲ್ಲ. ಕ್ಷಮೆ ಕೇಳುವುದು ಹೇಗೆಂದು ಆ ಮಗು ಅಂದೇ ಕಲಿಯುತ್ತದೆ.

5. ನಾಳೆಯ ನಿರ್ಧಾರ: ಒಂದೇ ಒಂದು, ಚಿಕ್ಕದು. ‘ಇನ್ನು ಮೇಲೆ ಕೋಪವನ್ನೇ ಮಾಡಿಕೊಳ್ಳುವುದಿಲ್ಲ’ ಎಂಬುದು ನಿರ್ಧಾರವಲ್ಲ, ಬರೀ ಆಸೆ. ‘ನಾಳೆ ಹೊಸ್ತಿಲು ದಾಟುವ ಮುಂಚೆ ಹೊರಗೆ ನಿಂತು ಒಂದು ನಮೋ ಮರಿಯಾ ಜಪ ಹೇಳುತ್ತೇನೆ’ ಎಂಬುದು ನಿರ್ಧಾರ.

ಒಂದೇ ದೋಷ ಮತ್ತೆ ಮತ್ತೆ ಕಾಡುತ್ತಿದ್ದರೆ ಇಗ್ನೇಷಿಯಸರು ಇನ್ನೊಂದು ಉಪಾಯ ಹೇಳುತ್ತಾರೆ. ಆ ತಪ್ಪು ನಡೆದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ದುಃಖಪಡಬೇಕು. ಜನರ ನಡುವೆಯೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು. ವಾರದ ಏಳು ದಿನಗಳಿಗೆ ಗೆರೆಗಳನ್ನು ಎಳೆದು, ಮಧ್ಯಾಹ್ನದ ಊಟದ ಮೇಲೆ ಒಮ್ಮೆ, ರಾತ್ರಿ ಊಟದ ಮೇಲೆ ಒಮ್ಮೆ, ತಪ್ಪಿದಷ್ಟು ಸಲ ಚುಕ್ಕಿ ಇಡಬೇಕು. ಈ ವಾರದ ಚುಕ್ಕಿಗಳನ್ನು ಕಳೆದ ವಾರದ ಚುಕ್ಕಿಗಳ ಜೊತೆ ಹೋಲಿಸಬೇಕು. ಹತ್ತು ಚುಕ್ಕಿ ಎಂಟಾದರೂ ಅದು ದೇವರ ಕೃಪೆಯೇ.

ಕತ್ತಲಲ್ಲಿ ದಾರಿ ಬದಲಿಸಬೇಡಿ

ಮನಸ್ಸು ಬರಡಾಗಿರುವಾಗ ಮೊದಲಿನ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಇದು ಇಗ್ನೇಷಿಯಸರು ಕೊಟ್ಟ ಅತ್ಯಂತ ಉಪಯುಕ್ತ ಬುದ್ಧಿವಾದ. ರಾಜೀನಾಮೆ ಪತ್ರ, ಮನೆ ಬಿಟ್ಟು ಹೋಗುವ ಮಾತು, ಅಣ್ಣತಮ್ಮಂದಿರ ಜೊತೆ ಸಂಬಂಧ ಕಡಿದುಕೊಳ್ಳುವುದು ಇವೆಲ್ಲ ಹೆಚ್ಚಾಗಿ ಇಂತಹ ರಾತ್ರಿಗಳಲ್ಲೇ ಹುಟ್ಟುತ್ತವೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಕೆಲಸ ಬಿಡಲೇಬೇಕಾಗಿರಬಹುದು. ಆದರೆ ಅದನ್ನು ಮನಸ್ಸು ತಿಳಿಯಾದ ಹಗಲಿನಲ್ಲಿ, ಮನೆಯವರೊಡನೆ ಕುಳಿತು ತೀರ್ಮಾನಿಸಿ. ಅನ್ಯಾಯವನ್ನು ಬಾಯಿಮುಚ್ಚಿ ಸಹಿಸಿಕೊಳ್ಳಿ ಎಂದು ಇದರರ್ಥವಲ್ಲ. ತನ್ನ ಮನಸ್ಸನ್ನು ಅರಿತವಳು ಮೇಲಧಿಕಾರಿಯ ಎದುರು ಕಿರುಚದೆ, ಅಂಜದೆ ನ್ಯಾಯ ಕೇಳಬಲ್ಲಳು.

ಪ್ರವಾದಿ ಎಲೀಯನನ್ನು ನೆನೆಯಿರಿ (ಅರಸುಗಳ ಮೊದಲನೆಯ ಗ್ರಂಥ, 19ನೆಯ ಅಧ್ಯಾಯ). ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ಅವನು ಸಾವನ್ನು ಬೇಡಿದ. ದೇವರು ಗದರಿಸಲಿಲ್ಲ. ನಿದ್ರಿಸಲು ಬಿಟ್ಟರು, ದೂತನ ಮೂಲಕ ಎರಡು ಬಾರಿ ರೊಟ್ಟಿ ನೀರು ಕೊಟ್ಟರು. ಉಳಿದಿರುವವನು ತಾನೊಬ್ಬನೇ ಎಂದು ಅವನು ಅತ್ತಾಗ, ಬಾಳನಿಗೆ ಮಣಿಯದ 7,000 ಮಂದಿ ಇಸ್ರಯೇಲಿನಲ್ಲಿ ಇದ್ದಾರೆಂದು ತಿಳಿಸಿದರು. ಬಳಲಿದ ಮನಸ್ಸು ಹೇಳುವ ಲೆಕ್ಕ ಎಷ್ಟೊಂದು ತಪ್ಪಿರಬಹುದು ನೋಡಿ! ನಮ್ಮ ತಾಯಿಗೂ ಆ ರಾತ್ರಿ ಬೇಕಾಗಿದ್ದದ್ದು ತೀರ್ಪಲ್ಲ, ಊಟ ಮತ್ತು ನಿದ್ದೆ.

ಮುಚ್ಚಿಡಬೇಡಿ

ಶೋಧನೆಯ ಯೋಚನೆಗಳು ಗುಟ್ಟಾಗಿರಲು ಬಯಸುತ್ತವೆ, ಅನುಭವಸ್ಥರೊಡನೆ ಹೇಳಿಕೊಂಡರೆ ಅವುಗಳ ಬಲ ಕುಂದುತ್ತದೆ ಎನ್ನುತ್ತಾರೆ ಇಗ್ನೇಷಿಯಸರು. ಇದು ಪುಸ್ತಕದ ಮಾತಲ್ಲ. ಮನ್ರೇಸ ಎಂಬ ಊರಿನಲ್ಲಿ ತಂಗಿದ್ದಾಗ, ಪಾಪನಿವೇದನೆ ಸರಿಯಾಗಿ ಆಗಲಿಲ್ಲವೆಂಬ ಅಳುಕು ಕಾಡಿ ಕಾಡಿ, ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಅವರಿಗೆ ಬಂದಿತ್ತು. ಅದನ್ನು ಅವರೇ ಮುಂದೆ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡರು. ಸಂತರಿಗೂ ಇಂತಹ ಕತ್ತಲು ಬಂದಿತ್ತೆಂದ ಮೇಲೆ ನಾವು ನಾಚಬೇಕಾಗಿಲ್ಲ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡವೆನಿಸುತ್ತದೆ ಎಂದಾದರೆ ಅದು ಕಾಯಿಲೆಯೂ ಆಗಿರಬಹುದು. ಅದು ವಿಶ್ವಾಸದ ಕೊರತೆಯಲ್ಲ, ಚಿಕಿತ್ಸೆಯಿರುವ ಕಾಯಿಲೆ. ಗುರುಗಳ ಬಳಿ ಪ್ರಾರ್ಥನೆ ಕೇಳಿ, ಜೊತೆಗೆ ವೈದ್ಯರ ಬಳಿಯೂ ಹೋಗಿ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇಂದೇ ಆರಂಭಿಸಿ

ಇಂದು ರಾತ್ರಿ ಜಪಸರ ಮುಗಿದ ಮೇಲೆ ದೂರದರ್ಶನವನ್ನೂ ಮೊಬೈಲನ್ನೂ ಆರಿಸಿ, ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಮೌನವಾಗಿ ಕುಳಿತುಕೊಳ್ಳಿ. ಬಳಿಕ ಒಬ್ಬೊಬ್ಬರೂ ದಿನದ ಒಂದು ಒಳ್ಳೆಯ ಸಂಗತಿಯನ್ನು ಹೇಳಿ. ತಪ್ಪುಗಳನ್ನು ಎಲ್ಲರೆದುರು ಹೇಳಿಸಬೇಡಿ, ಅವು ದೇವರಿಗೂ ಅವರವರಿಗೂ ಬಿಟ್ಟದ್ದು.

ಕುಟುಂಬದಲ್ಲಿ ಚಿಂತನೆಗೆ:
1. ಈ ವಾರ ನಾನು ಯಾರ ಮೇಲಿನ ಕೋಪವನ್ನು ಯಾರ ಮೇಲೆ ತೀರಿಸಿಕೊಂಡೆ?
2. ಯಾವ ಯೋಚನೆ ನನ್ನನ್ನು ಬರಿದು ಮಾಡಿತು? ಯಾವುದು ಬಲ ಕೊಟ್ಟಿತು?
3. ದುಡಿದು ದಣಿದು ಬರುವವರನ್ನು ನಮ್ಮ ಮನೆ ಹೇಗೆ ಬರಮಾಡಿಕೊಳ್ಳುತ್ತದೆ?

ಪ್ರಾರ್ಥನೆ: ಪ್ರಭುವೇ, ಇಂದು ನೀವು ಕೊಟ್ಟಿದ್ದಕ್ಕೆ ವಂದನೆ. ನಾನು ಕೆಡಿಸಿದ್ದನ್ನು ಕ್ಷಮಿಸಿರಿ. ನಾಳೆ ನನ್ನ ಮನೆಯ ಹೊಸ್ತಿಲನ್ನು ನನಗಿಂತ ಮೊದಲು ನೀವು ದಾಟಿರಿ. ಆಮೆನ್.