ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಹೊರಟಿದ್ದೀರಾ? ಕರಾರು ಓದಿ, ಕಾಗದ ಕೂಡಿಡಿ

ಸುರಪುರಕ್ಕೆ ಅಂಟಿಕೊಂಡಂತಿರುವ ರಂಗಂಪೇಟೆಯಲ್ಲಿ ಬಿ.ಎಡ್ ಮುಗಿಸಿದವರಿಗೆ ಕೊರತೆಯಿಲ್ಲ, ಕೊರತೆ ಇರುವುದು ಕಾಯಂ ನೌಕರಿಗೆ. 371ಜೆ ಅರ್ಹತಾ ಪ್ರಮಾಣಪತ್ರ ಇಟ್ಟುಕೊಂಡು ನೇಮಕಾತಿಗೆ ಕಾಯುತ್ತಾ, ನಡುವೆ ಅತಿಥಿ ಶಿಕ್ಷಕರಾಗಿಯೋ ಖಾಸಗಿ ಶಾಲೆಯ ಸಣ್ಣ ಪಗಾರಕ್ಕೋ ದುಡಿಯುತ್ತಾ ವರ್ಷಗಳು ಸರಿದುಹೋಗುತ್ತವೆ. ಇಂಗ್ಲಿಷ್ ಎಂ.ಎ ಮಾಡಿ ಬಿ.ಎಡ್ ಆದವರಿಗೆ ಇಂಥ ಹೊತ್ತಿನಲ್ಲಿ ಹೈದರಾಬಾದಿನ ಕನ್ಸಲ್ಟನ್ಸಿಯ ಹೆಸರಿನಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ: ದುಬೈ, ರಿಯಾದ್, ಮಾಲ್ಡೀವ್ಸ್ ಶಾಲೆಗಳಿಗೆ ಇಂಗ್ಲಿಷ್ ಶಿಕ್ಷಕರು ಬೇಕಾಗಿದ್ದಾರೆ, ವಸತಿ ಉಚಿತ, ಟಿಕೆಟ್ ಉಚಿತ.

ಇಂಥ ಕೆಲಸಗಳು ನಿಜವಾಗಿಯೂ ಇವೆ. ಕೊಲ್ಲಿ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲೂ ಮಾಲ್ಡೀವ್ಸ್‌ನ ದ್ವೀಪಶಾಲೆಗಳಲ್ಲೂ ನಮ್ಮವರು ದಶಕಗಳಿಂದ ಪಾಠ ಹೇಳುತ್ತಿದ್ದಾರೆ. ಪಗಾರ, ರಜೆ, ನೋಟಿಸು, ಪಾಸ್‌ಪೋರ್ಟ್ ವಿಚಾರದಲ್ಲಿ ತಕರಾರು ಹುಟ್ಟುವುದೂ ಅಷ್ಟೇ ನಿಜ. ಅಲ್ಲಿಗೆ ಹೋದಮೇಲೆ ಏನು ಮಾಡಬೇಕೆಂದು ಹೆಚ್ಚಿನವರು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ವಿಮಾನ ಹತ್ತುವ ಮೊದಲು ನೀವು ಏನನ್ನು ಓದಿ ಸಹಿ ಮಾಡಿದಿರಿ, ಯಾವ ಕಾಗದದ ಪ್ರತಿ ಮನೆಯಲ್ಲಿ ಬಿಟ್ಟು ಹೋದಿರಿ ಎಂಬುದರ ಮೇಲೆಯೇ ತಕರಾರಿನ ಬಹುಪಾಲು ಫಲಿತಾಂಶ ನಿಂತಿರುತ್ತದೆ. ಹಾಗಾಗಿ ಈ ಲೇಖನದ ಹೆಚ್ಚು ಭಾಗ ಹೊರಡುವ ಮುಂಚಿನ ತಯಾರಿಯ ಬಗ್ಗೆಯೇ ಇದೆ.

ಮೊದಲು ಏಜೆಂಟನ್ನು ತಪಾಸಿಸಿ

1983ರ ವಲಸೆ ಕಾಯ್ದೆಯ ಪ್ರಕಾರ, ನೋಂದಣಿ ಇಲ್ಲದೆ ಯಾರೂ ವಿದೇಶಿ ನೌಕರಿಗೆ ಜನರನ್ನು ಭರ್ತಿ ಮಾಡುವಂತಿಲ್ಲ. ಕೇಂದ್ರ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಕನ್ಸಲ್ಟನ್ಸಿಯವರ ಬಳಿ ನೋಂದಣಿ ಸಂಖ್ಯೆ ಕೇಳಿ ಅಲ್ಲಿ ಹಾಕಿ ನೋಡಿ. ಹೆಸರು, ವಿಳಾಸ ಹೊಂದಬೇಕು. ನೋಂದಣಿ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ‘ನಾವು ಅವರ ಬ್ರಾಂಚ್ ಅದೀವ್ರಿ’ ಎನ್ನುವ ಊರಿನ ಸಬ್ ಏಜೆಂಟನಿಗೆ ಕಾಯ್ದೆಯಲ್ಲಿ ಜಾಗವಿಲ್ಲ.

ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎರಡು ಲಕ್ಷ, ಮೂರು ಲಕ್ಷ ಕೇಳಿದರೆ ಅದು ಕಾನೂನು ಮೀರಿದ ಮೊತ್ತ. ಕೊಡುವುದನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಕೈಯಲ್ಲಿ ಕೊಟ್ಟ ನಗದಿಗೆ ನಾಳೆ ಸಾಕ್ಷಿ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್ ಇಸಿಎನ್‌ಆರ್ ವರ್ಗಕ್ಕೆ ಸೇರುತ್ತದೆ. ಅಂದರೆ ಕೊಲ್ಲಿ ದೇಶಗಳೂ ಸೇರಿ 18 ರಾಷ್ಟ್ರಗಳಿಗೆ ಹೋಗುವ ಕಡಿಮೆ ಓದಿದ ಕಾರ್ಮಿಕರಿಗೆ ಬೇಕಾದ ವಲಸೆ ಅನುಮತಿ ಶಿಕ್ಷಕರಿಗೆ ಬೇಕಿಲ್ಲ. ಓಡಾಟ ತಪ್ಪಿತು ಎಂದು ನಾವು ಖುಷಿಪಡುತ್ತೇವೆ. ಆದರೆ ಗಾರೆ ಕೆಲಸಕ್ಕೆ ಹೋಗುವವನ ಕರಾರನ್ನು ಸರ್ಕಾರದ ಒಬ್ಬ ಅಧಿಕಾರಿ ನೋಡುತ್ತಾನೆ, ಎಂ.ಎ, ಬಿ.ಎಡ್ ಓದಿದವರ ಕರಾರನ್ನು ಯಾರೂ ನೋಡುವುದಿಲ್ಲ. ನೋಡುವ ಹೊಣೆ ಪೂರ್ತಿ ನಿಮ್ಮದು. ಇ-ಮೈಗ್ರೇಟ್‌ನಲ್ಲಿ ಸ್ವಯಂಪ್ರೇರಿತವಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಮಾಡಿಕೊಳ್ಳಿ, ನೀವು ಎಲ್ಲಿಗೆ, ಯಾರ ಬಳಿ ಹೋದಿರಿ ಎಂಬ ದಾಖಲೆ ಸರ್ಕಾರದ ಬಳಿ ಉಳಿಯುತ್ತದೆ.

ವೀಸಾ ಯಾವುದು ಎಂದು ಕೇಳಿ

ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬದಲಾಯಿಸೋಣ ಎಂದರೆ ಒಪ್ಪಬೇಡಿ. ಪ್ರವಾಸಿ ವೀಸಾದಲ್ಲಿ ಪಾಠ ಮಾಡಿದವರು ಪಗಾರ ಕೇಳಲು ಕಾರ್ಮಿಕ ಇಲಾಖೆಗೆ ಹೋದರೆ ಮೊದಲು ತಮ್ಮದೇ ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ. ಶಾಲೆಯವರಿಗೆ ಅದು ಚೆನ್ನಾಗಿ ಗೊತ್ತು.

ಚೀನಾದಲ್ಲಿ ಭಾಷಾ ಶಿಕ್ಷಕರ ಕೆಲಸ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪ್ರಜೆಗಳಿಗೇ ಮೀಸಲು. ಅಲ್ಲಿಗೆ ‘ಬಿಸಿನೆಸ್ ವೀಸಾ’ದಲ್ಲಿ ಕಳಿಸುತ್ತೇವೆ ಎಂಬ ಮಾತನ್ನು ಅಲ್ಲಿಗೇ ಬಿಡಿ. ದಕ್ಷಿಣ ಕೊರಿಯಾದ ಕತೆ ಬೇರೆ: 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದದಡಿ, ಇಂಗ್ಲಿಷ್ ಪದವಿಯೂ ಶಿಕ್ಷಕ ಅರ್ಹತೆಯೂ ಇರುವ ಭಾರತೀಯರು ಸಹಾಯಕ ಶಿಕ್ಷಕರಾಗಿ ಅಲ್ಲಿಗೆ ಹೋಗಬಹುದು. ನಮ್ಮ ಭಾಗದಲ್ಲಿ ಇದು ಹೆಚ್ಚು ಜನಕ್ಕೆ ತಿಳಿದಿಲ್ಲ. ಥಾಯ್ಲೆಂಡ್ ಹೆಸರಲ್ಲಿ ಬರುವ ‘ಇಂಗ್ಲಿಷ್ ಬಲ್ಲವರು ಬೇಕು’ ಜಾಹೀರಾತಿನ ಬಗ್ಗೆ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಹೀಗೆ ಕರೆಸಿಕೊಂಡು ಗಡಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಾಡಿಯಂಥ ಕಡೆ ಸೈಬರ್ ವಂಚನೆಯ ಕೆಲಸಕ್ಕೆ ಕೂಡಿಹಾಕುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿದೆ.

ಕರಾರು ಓದುವ ಬಗೆ

ಕನ್ಸಲ್ಟನ್ಸಿ ಕೊಡುವ ಬಣ್ಣದ ಲೆಟರ್‌ಹೆಡ್ ಬೇರೆ, ಆ ದೇಶದ ಕಾರ್ಮಿಕ ಇಲಾಖೆಯಲ್ಲಿ ನೋಂದಣಿಯಾಗುವ ಕರಾರು ಬೇರೆ. ನಾಳೆ ತಕರಾರು ಎದ್ದರೆ ಮೊದಲು ತೆಗೆದು ನೋಡುವುದು ಎರಡನೆಯದನ್ನು. ಯುಎಇಯಲ್ಲಿ ಇದಕ್ಕೆ ಒಳ್ಳೆಯ ನಿಯಮವಿದೆ: 2016ರ ಜನವರಿಯಿಂದ ಸಚಿವಾಲಯದ ನಮೂನೆಯ ಆಫರ್ ಲೆಟರ್‌ಗೆ ನೀವು ಊರಲ್ಲಿದ್ದಾಗಲೇ ಸಹಿ ಮಾಡಬೇಕು, ಮುಂದಿನ ಕರಾರು ಅದಕ್ಕೆ ಹೊಂದಬೇಕು. ಆ ನಮೂನೆ ಅರಬ್ಬಿ, ಇಂಗ್ಲಿಷ್ ಜೊತೆಗೆ ಹಿಂದಿ, ಉರ್ದು, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ ಎಂಬುದು ನನಗೆ ನೋವಿನ ಸಂಗತಿ. ಆದರೆ ನಿಜಾಮರ ಕಾಲದಿಂದ ಉರ್ದು ಉಳಿದುಬಂದಿರುವ ನಮ್ಮ ಭಾಗದಲ್ಲಿ ಅದನ್ನು ಓದಿ ಹೇಳುವ ಹಿರಿಯರು ಓಣಿಗೊಬ್ಬರಾದರೂ ಸಿಗುತ್ತಾರೆ. ಅರಬ್ಬಿ ಮತ್ತು ಇನ್ನೊಂದು ಭಾಷೆಯ ನಡುವೆ ವ್ಯತ್ಯಾಸ ಬಂದರೆ ಅರಬ್ಬಿಯ ಮಾತೇ ಅಂತಿಮ.

ಸೌದಿಯಲ್ಲಿ ಕರಾರು ‘ಕಿವಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ದಾಖಲಾಗುತ್ತದೆ. ನಿಮ್ಮ ಖಾತೆಗೆ ಬಂದ ಕರಾರನ್ನು ಒಪ್ಪಬಹುದು, ತಿರಸ್ಕರಿಸಬಹುದು, ತಿದ್ದುಪಡಿ ಕೇಳಬಹುದು. ಆ ಖಾತೆಯ ಪಾಸ್‌ವರ್ಡನ್ನು ಶಾಲೆಯ ಆಫೀಸಿನವರ ಕೈಗೆ ಕೊಡಬೇಡಿ, ಒಪ್ಪಿಗೆಯ ಗುಂಡಿಯನ್ನು ಅವರೇ ಒತ್ತಿಬಿಟ್ಟರೆ ಆಮೇಲೆ ಅಲ್ಲಗಳೆಯುವುದು ಕಷ್ಟ.

ಈಗ ಪಗಾರದ ಸಾಲಿಗೆ ಬನ್ನಿ. ‘ತಿಂಗಳಿಗೆ 4,000 ದಿರ್ಹಮ್’ ಎಂಬ ಒಟ್ಟು ಮೊತ್ತ ನೋಡಿ ಸಮಾಧಾನ ಪಡಬೇಡಿ. ಮೂಲವೇತನ ಎಷ್ಟು, ಮನೆ ಬಾಡಿಗೆ ಭತ್ಯೆ ಎಷ್ಟು ಎಂದು ಬಿಡಿಸಿ ಬರೆದಿರಬೇಕು. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲವೇತನ. ಮೂಲವೇತನ 2,800 ಇದ್ದರೆ ವರ್ಷಕ್ಕೆ 1,960 ದಿರ್ಹಮ್, 1,500 ಎಂದು ಬರೆದಿದ್ದರೆ 1,050 ಮಾತ್ರ. ಒಟ್ಟು ಪಗಾರ ಒಂದೇ ಆಗಿದ್ದರೂ ಮೂರು ವರ್ಷದ ಕೊನೆಗೆ 2,730 ದಿರ್ಹಮ್ ಕಡಿಮೆ ಬರುತ್ತದೆ. ಮಾಲ್ಡೀವ್ಸ್‌ನಲ್ಲಾದರೆ ಪಗಾರ ಡಾಲರಿನಲ್ಲೋ ರುಫಿಯಾದಲ್ಲೋ ಕೇಳಿ. ಅಲ್ಲಿ ಡಾಲರಿಗೆ ಬರ ಇರುವುದರಿಂದ ರುಫಿಯಾ ಪಗಾರವನ್ನು ಊರಿಗೆ ಕಳಿಸಲು ಬ್ಯಾಂಕುಗಳು ಮಿತಿ ಹಾಕಿವೆ.

ಶಿಕ್ಷಕರಿಗೇ ವಿಶೇಷವಾದ ಪ್ರಶ್ನೆ ಬೇಸಿಗೆ ರಜೆಯದು. ಕೊಲ್ಲಿಯಲ್ಲಿ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಆ ಎರಡು ತಿಂಗಳ ಪಗಾರ ಕೊಡುತ್ತಾರೆಯೇ? ಹೊಸದಾಗಿ ಸೇರಿದವರಿಗೂ ಕೊಡುತ್ತಾರೆಯೇ? ವಾರಕ್ಕೆ ಎಷ್ಟು ಪೀರಿಯಡ್? ಊರಿಗೆ ಬರುವ ಟಿಕೆಟ್ ವರ್ಷಕ್ಕೋ ಎರಡು ವರ್ಷಕ್ಕೋ? ‘ಶಾಲೆಯ ನಿಯಮದಂತೆ’ ಎಂದು ಬರೆದಿದ್ದರೆ ಆ ನಿಯಮದ ಪ್ರತಿ ಕೇಳಿ ಪಡೆಯಿರಿ.

ಪ್ರೊಬೇಷನ್ ಮತ್ತು ನೋಟಿಸು: 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವ ಯುಎಇ ಕಾಯ್ದೆಯಂತೆ ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಶಾಲೆ ತೆಗೆದುಹಾಕುವುದಾದರೆ ಕನಿಷ್ಠ 14 ದಿನ ಮುಂಚೆ ತಿಳಿಸಬೇಕು, ನೀವು ದೇಶ ಬಿಟ್ಟು ಬರುವುದಾದರೂ ಅಷ್ಟೇ. ಅದೇ ದೇಶದ ಇನ್ನೊಂದು ಶಾಲೆಗೆ ಸೇರುವುದಾದರೆ ಒಂದು ತಿಂಗಳು. ಪ್ರೊಬೇಷನ್ ಮುಗಿದ ಮೇಲೆ ನೋಟಿಸು 30ರಿಂದ 90 ದಿನ, ಕರಾರಿನಲ್ಲಿ ಬರೆದಂತೆ. ಭರ್ತಿಯ ಖರ್ಚನ್ನು ನಿಮ್ಮಿಂದ ವಸೂಲು ಮಾಡುವುದನ್ನೂ ದಾಖಲೆ ಕಿತ್ತಿಟ್ಟುಕೊಳ್ಳುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ‘ವೀಸಾ ಖರ್ಚಿನ ಬಾಂಡ್’ ಎಂಬ ಪ್ರತ್ಯೇಕ ಹಾಳೆ ಮುಂದಿಟ್ಟು ‘ಅಲ್ಲಿ ಹೋದ ಮ್ಯಾಲ ಎಲ್ಲಾ ಸರಿ ಆಗ್ತದ್ರಿ, ಈಗ ಸಹಿ ಮಾಡ್ರಿ’ ಎಂದರೆ ಪೆನ್ನು ಕೆಳಗಿಡಿ. ಖಾಲಿ ಕಾಗದಕ್ಕಂತೂ ಎಂದೂ ಸಹಿ ಬೇಡ.

ಪ್ರಮಾಣಪತ್ರಗಳ ದೃಢೀಕರಣ

ಗುಲ್ಬರ್ಗಾ ವಿಶ್ವವಿದ್ಯಾಲಯದ ಪದವಿ ಪತ್ರ ವಿದೇಶದಲ್ಲಿ ಮಾನ್ಯವಾಗಲು ಮೊದಲು ರಾಜ್ಯ ಸರ್ಕಾರದ, ನಂತರ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಸೌದಿ, ಒಮನ್, ಬಹರೇನ್‌ಗೆ ಅಪೊಸ್ಟಿಲ್ ಮುದ್ರೆ ಸಾಕು. ಯುಎಇ, ಕುವೈತ್, ಕತಾರ್‌ಗೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಮುಗಿದ ಮೇಲೆ ಎಲ್ಲವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಒಂದು ಪ್ರತಿ ನಿಮ್ಮ ಇಮೇಲಿಗೆ, ಒಂದು ಪ್ರತಿ ಮನೆಯವರಿಗೆ ಕಳಿಸಿ. ಮೂಲ ಪತ್ರವನ್ನು ಶಾಲೆಗೆ ತೋರಿಸಿ ವಾಪಸ್ ತೆಗೆದುಕೊಳ್ಳಿ. ಇಲಾಖೆಯ ಪರಿಶೀಲನೆಗೆಂದು ಕೊಡಲೇಬೇಕಾದರೆ ತೇದಿ ಸಹಿತ ಸ್ವೀಕೃತಿ ಪತ್ರ ಪಡೆಯಿರಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಶಾಲೆಯ ಲಾಕರಿನಲ್ಲಿ ಇರಬೇಕಾದ ವಸ್ತುವಲ್ಲ.

ತಕರಾರು ಶುರುವಾದಾಗ

ಪಗಾರ ತಡವಾಯಿತು, ಇಲ್ಲವೇ ಹೇಳದ ಕಡಿತ ಬಂತು ಎನ್ನೋಣ. ಮೊದಲ ದಿನದಿಂದಲೇ ಬರವಣಿಗೆಯಲ್ಲಿ ಕೇಳಿ. ಪ್ರಾಂಶುಪಾಲರ ಕೋಣೆಯಲ್ಲಿ ಮಾತಾಡಿ ಬಂದರೂ ಅದೇ ಸಂಜೆ ಒಂದು ಇಮೇಲ್ ಹಾಕಿ: ‘ಇಂದು ಭೇಟಿಯಾದಾಗ ತಾವು ಮಾರ್ಚ್ ತಿಂಗಳ ಬಾಕಿಯನ್ನು 10ನೇ ತಾರೀಖಿನೊಳಗೆ ಕೊಡುವುದಾಗಿ ಹೇಳಿದಿರಿ. ನನ್ನ ಕರಾರಿನ ಇಂಥ ಕಲಮಿನಂತೆ ಇಷ್ಟು ಮೊತ್ತ ಬರಬೇಕಿದೆ.’ ಬೈಗುಳ ಬೇಡ, ಬೆದರಿಕೆ ಬೇಡ. ತೇದಿ, ಮೊತ್ತ, ಕಲಮು ಇರಲಿ. ಶಾಲೆಯ ಇಮೇಲ್ ಖಾತೆಯಿಂದ ಕಳಿಸಿದರೆ ಪ್ರತಿಯನ್ನು ನಿಮ್ಮ ಸ್ವಂತ ಖಾತೆಗೂ ಹಾಕಿಕೊಳ್ಳಿ, ಕೆಲಸದಿಂದ ತೆಗೆದ ದಿನವೇ ಶಾಲೆಯ ಖಾತೆ ಬಂದ್ ಆಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಿ, ಟೈಮ್‌ಟೇಬಲ್ ಚಿತ್ರಗಳನ್ನು ತಿಂಗಳಿಗೊಮ್ಮೆ ತೆಗೆದಿಡಿ.

ಸಿಟ್ಟಿನಲ್ಲಿ ಶಾಲೆಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಯುಎಇಯಲ್ಲಿ ಸಕಾರಣವಿಲ್ಲದೆ ಸತತ ಏಳು ದಿನಕ್ಕಿಂತ ಹೆಚ್ಚು ಗೈರಾದರೆ ನೋಟಿಸಿಲ್ಲದೆ ತೆಗೆಯಬಹುದು. ಸೌದಿಯಲ್ಲಿ ‘ಹುರೂಬ್’, ಅಂದರೆ ಓಡಿಹೋದವನು ಎಂದು ದಾಖಲಿಸಿಬಿಟ್ಟರೆ ಪಗಾರದ ಮಾತು ಹಿಂದೆ ಬಿದ್ದು ವಾಸದ ಪರವಾನಗಿಯೇ ಪ್ರಶ್ನೆಯಾಗುತ್ತದೆ. ಶಾಲೆಯ ಕಡೆಯಿಂದಲೇ ಕರಾರು ಮುರಿದಿದ್ದರೆ ನೋಟಿಸಿಲ್ಲದೆ ಬಿಡುವ ಹಕ್ಕು ಯುಎಇ ಕಾಯ್ದೆಯಲ್ಲಿದೆ. ಆದರೆ ಅದಕ್ಕೆ 14 ಕೆಲಸದ ದಿನ ಮೊದಲೇ ಸಚಿವಾಲಯಕ್ಕೆ ತಿಳಿಸಿರಬೇಕು.

ಇನ್ನೊಂದು ಮಾತು. ಶಾಲೆಯ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆಯುವುದು, ಗ್ರೂಪಿನಲ್ಲಿ ಮಾಲೀಕರನ್ನು ಬೈಯುವುದು, ಗುಟ್ಟಾಗಿ ಮಾತು ರೆಕಾರ್ಡ್ ಮಾಡುವುದು ಯುಎಇಯಲ್ಲಿ ಕ್ರಿಮಿನಲ್ ಅಪರಾಧವಾಗಬಹುದು. ಪಗಾರ ಕೇಳಲು ಹೋದವರು ಆರೋಪಿಯಾಗಿ ನಿಲ್ಲುವಂತೆ ಆಗಬಾರದು.

ದೂರು ಎಲ್ಲಿಗೆ

ಒಳಗಿನ ಮಾತುಕತೆ ಫಲಿಸದಿದ್ದರೆ ಆ ದೇಶದ ಕಾರ್ಮಿಕ ಇಲಾಖೆಗೆ ನೀವೇ ದೂರು ಕೊಡಬಹುದು, ವಕೀಲರು ಬೇಕೆಂದಿಲ್ಲ. ಯುಎಇಯಲ್ಲಿ 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಕೋರ್ಟಿಗೆ ಹೋದರೂ ಒಂದು ಲಕ್ಷ ದಿರ್ಹಮ್ ಮೀರದ ಕಾರ್ಮಿಕ ದಾವೆಗೆ ಶುಲ್ಕವಿಲ್ಲ. ಕರಾರು ಮುಗಿದ 14 ದಿನದೊಳಗೆ ಎಲ್ಲ ಬಾಕಿ ಚುಕ್ತಾ ಆಗಬೇಕು. ಸೌದಿಯಲ್ಲಿ ಮೊದಲು ರಾಜಿ ವಿಭಾಗ, ಅಲ್ಲಿ ಆಗದಿದ್ದರೆ ಕಾರ್ಮಿಕ ನ್ಯಾಯಾಲಯ. ನೌಕರಿ ಮುಗಿದ 12 ತಿಂಗಳೊಳಗೆ ದಾವೆ ಹೂಡಬೇಕು. ಮಾಲ್ಡೀವ್ಸ್‌ನಲ್ಲಿ 2008ರ ಉದ್ಯೋಗ ಕಾಯ್ದೆಯಡಿ ಉದ್ಯೋಗ ನ್ಯಾಯಮಂಡಳಿ ಇದೆ.

ಜೊತೆಜೊತೆಗೇ ಭಾರತದ ಬಾಗಿಲನ್ನೂ ತಟ್ಟಿ. ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಿದರೆ ಅದು ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ತಲುಪುತ್ತದೆ. ಮನೆಯವರೂ ನಿಮ್ಮ ಪರವಾಗಿ ಇಲ್ಲಿಂದಲೇ ಹಾಕಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800-11-3090. ರಾಯಭಾರ ಕಚೇರಿ ಶಾಲೆಯೊಡನೆ ಮಾತಾಡಬಲ್ಲದು, ಸಂಕಷ್ಟದಲ್ಲಿ ಸಿಕ್ಕವರಿಗೆ ಸಮುದಾಯ ಕಲ್ಯಾಣ ನಿಧಿಯಿಂದ ವಸತಿ, ಟಿಕೆಟ್ ಒದಗಿಸಬಲ್ಲದು. ಆದರೆ ಪಗಾರ ಕೊಡಿ ಎಂದು ಆದೇಶ ಹೊರಡಿಸಲಾರದು. ಆ ಅಧಿಕಾರ ಅಲ್ಲಿನ ಇಲಾಖೆಗೂ ಕೋರ್ಟಿಗೂ ಮಾತ್ರ, ಆದ್ದರಿಂದ ಎರಡೂ ಕಡೆ ದೂರು ಇರಬೇಕು.

ಊರಿಗೆ ಮರಳುವುದು ಅನಿವಾರ್ಯವಾದರೆ, ಹೊರಡುವ ಮುನ್ನ ಅಲ್ಲಿನ ನಂಬಿಕಸ್ತರಿಗೆ ಅಥವಾ ವಕೀಲರಿಗೆ ಮುಖ್ತ್ಯಾರ್ ಪತ್ರ ಕೊಟ್ಟು ಬನ್ನಿ, ದಾವೆ ಮುಂದುವರಿಯುತ್ತದೆ. ‘ಎಲ್ಲ ಬಾಕಿ ತಲುಪಿದೆ’ ಎಂಬ ಹಾಳೆಗೆ ಹಣ ಖಾತೆಗೆ ಬೀಳದೆ ಸಹಿ ಮಾಡಬೇಡಿ.

ಮೋಸ ಏಜೆಂಟನದಾದರೆ ದಾರಿ ಇಲ್ಲಿಯೇ ಇದೆ. ನೋಂದಾಯಿತ ಏಜೆಂಟನ ಮೇಲೆ ಇ-ಮೈಗ್ರೇಟ್‌ನಲ್ಲಿ ಅಥವಾ ಬೆಂಗಳೂರು, ಹೈದರಾಬಾದಿನ ವಲಸಿಗರ ಸಂರಕ್ಷಣಾಧಿಕಾರಿ ಕಚೇರಿಯಲ್ಲಿ ದೂರು ಕೊಡಿ. ಅವರು ಸರ್ಕಾರದ ಬಳಿ ಬ್ಯಾಂಕ್ ಗ್ಯಾರಂಟಿ ಇಟ್ಟಿರುತ್ತಾರೆ, ನೋಂದಣಿ ಹೋಗುವ ಭಯವೂ ಇರುತ್ತದೆ. ನೋಂದಣಿಯೇ ಇಲ್ಲದವನ ಮೇಲೆ ಸುರಪುರ ಠಾಣೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಯ ದೂರು ಕೊಡಬಹುದು, ಅದರಲ್ಲಿ ವಲಸೆ ಕಾಯ್ದೆಯನ್ನೂ ಸೇರಿಸಲು ಕೇಳಿ. ವಕೀಲರ ಫೀಸಿನ ಚಿಂತೆ ಇದ್ದರೆ ಸುರಪುರ ನ್ಯಾಯಾಲಯದ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯ್ದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಅಂದರೆ ನಮ್ಮ ತಾಲ್ಲೂಕಿನ ಅರ್ಧಕ್ಕೂ ಹೆಚ್ಚು ಜನಕ್ಕೆ ಈ ಹಕ್ಕಿದೆ. ಉಳಿದವರಿಗೆ ಆದಾಯ ಮಿತಿ ಉಂಟು. ಫೋನಿನಲ್ಲೇ ಕೇಳುವುದಾದರೆ ಸಹಾಯವಾಣಿ 15100. ಹೋಗುವಾಗ ಪಾಸ್‌ಪೋರ್ಟ್ ಪ್ರತಿ, ಕರಾರು, ಹಣ ಕೊಟ್ಟ ರಸೀದಿ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳ ಪ್ರಿಂಟ್ ತೇದಿವಾರು ಜೋಡಿಸಿಕೊಂಡು ಹೋಗಿ.